ಇರಾ, ಆರ್ಕಾ ಮತ್ತು ಎರಡು ಗಿಟಾರ್‌ಗಳು: ಆಂಡೀಸ್ ಎತ್ತರದಲ್ಲಿ ಎಂಟು ದಿನ

ಮೊದಲ ದಿನ: ಲಿಮಾ

ಆಗಸ್ಟ್ ತಿಂಗಳಲ್ಲಿ ಪೆರು ದೇಶದ ರಾಜಧಾನಿ ಲಿಮಾ ನಗರಕ್ಕೆ ಸೂರ್ಯನ ದರ್ಶನವಾಗುವುದು ಅಪರೂಪ. ಪೆಸಿಫಿಕ್ ಸಾಗರದ ಕಡೆಯಿಂದ ಎದ್ದು ಬರುವ ಮಂಜು ಊರಿನ ಮೇಲೆ ಬೂದುಬಣ್ಣದ ಚಪ್ಪರ ಹಾಕಿದಂತೆ ದಿನವಿಡೀ ನಿಂತೇ ಇರುತ್ತದೆ. ವಿಮಾನ ಇಳಿದ ಮಧ್ಯಾಹ್ನವೇ ನಾನು ಬ್ರಸೀಲ್ ಅವೆನ್ಯೂದ ಗ್ಯಾಲರಿಗಳಿಗೆ ಹೋದೆ. ಗೂಡಂಗಡಿಯಷ್ಟು ಚಿಕ್ಕ ಮಳಿಗೆಗಳಲ್ಲಿ ರಾಕ್ ಮತ್ತು ಅದರ ಬಿರುಸಾದ ಬಗೆಯಾದ ಮೆಟಲ್ ಸಂಗೀತದ ಕ್ಯಾಸೆಟ್, ಸಿಡಿ, ಟೀ ಶರ್ಟುಗಳನ್ನು ಮಾರುವ ಜಾಗ ಅದು. ಆಂಡೀಸ್ ಪರ್ವತಶ್ರೇಣಿಯ ಜನಪದ ಸಂಗೀತವನ್ನು ಮೆಟಲ್‌ನೊಂದಿಗೆ ಬೆಸೆಯುವ ಹೊಸ ತಂಡವೊಂದನ್ನು ತಿತಿಕಾಕಾ ಸರೋವರದ ದಡದ ಪುನೋ ಊರಿನಲ್ಲಿ ಭೇಟಿ ಮಾಡುವುದು ಈ ಪ್ರವಾಸದ ಉದ್ದೇಶವಾಗಿದ್ದರಿಂದ, ಅವರಿಗಿಂತ ಮೊದಲು ಈ ದಾರಿಯಲ್ಲಿ ನಡೆದವರ ಧ್ವನಿಮುದ್ರಣಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮೇಲೆ ಹತ್ತಬೇಕೆಂಬ ಆಸೆ ನನಗಿತ್ತು.

ಅಂಗಡಿಯಾತ ಒಂದೊಂದಾಗಿ ಎತ್ತಿಟ್ಟ. ಆಂಡೀಸ್ ವಾದ್ಯಗಳನ್ನು ಭಾರವಾದ ಗಿಟಾರಿನ ಪಕ್ಕದಲ್ಲಿ ಕೂರಿಸಿದ ಲಿಮಾದ ಕ್ರೇನಿಯಂ, ಕೊಳಲನ್ನು ಮುಂದಿಟ್ಟುಕೊಂಡು ನುಡಿಸುವ ಫ್ಲೋರ್ ದೆ ಲೋತೋ, ಬ್ಲೂಸ್ ಮತ್ತು ರಾಕ್‌ಗೆ ಆಂಡೀಸ್ ಮೂಲನಿವಾಸಿಗಳ ಕೆಚುವಾ ಭಾಷೆಯ ಹಾಡುಗಳನ್ನು ಕೊಟ್ಟ ಉಚ್ಪಾ, ಗಡಿಯಾಚೆಯ ಎಕ್ವಡಾರ್‌ನಿಂದ ಕುರಾರೆ. ಉಚ್ಪಾ ಎಂದರೆ ಕೆಚುವಾದಲ್ಲಿ ಬೂದಿ. ಕೀಟೋ ನಗರದ ಕುರಾರೆ ತನ್ನ ಶೈಲಿಯನ್ನು 'ಲೋಂಗೋ ಮೆಟಲ್' ಎಂದು ಕರೆದುಕೊಂಡಿದೆ. 'ಲೋಂಗೋ' ಎಂಬುದು ಅಲ್ಲಿ ಮೂಲನಿವಾಸಿಗಳನ್ನು ಹೀಯಾಳಿಸಲು ಬಳಸುತ್ತಿದ್ದ ಪದ. ಬೈಗುಳವನ್ನೇ ಎತ್ತಿಕೊಂಡು ಹೆಸರಾಗಿ ಹಣೆಗೆ ಕಟ್ಟಿಕೊಂಡ ಆ ಧೈರ್ಯವನ್ನು ನಾನು ತುಂಬ ಗೌರವಿಸುತ್ತೇನೆ.

ರಾತ್ರಿ ಹೋಟೆಲಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾ ಕುಳಿತಾಗ ಜನಪದ ವಾದ್ಯ ಮೆಟಲ್‌ನೊಳಗೆ ನಿಜವಾಗಿ ಬೆರೆಯುತ್ತದೆಯೇ ಎಂಬ ಹಳೆಯ ಪ್ರಶ್ನೆ ಮತ್ತೆ ಎದ್ದಿತು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡದ ಕಛೇರಿ ಕೇಳಿ ಕಿವಿ ತುಂಬಿಸಿಕೊಂಡ ಸಾವಿರಾರು ಹುಡುಗರಲ್ಲಿ ನಾನೂ ಒಬ್ಬ. ಆಮೇಲೆ ಫಿನ್‌ಲೆಂಡಿನ ಫಿನ್‌ಟ್ರೋಲ್, ಸ್ವಿಟ್ಜರ್ಲೆಂಡಿನ ಎಲುವೈಟಿ ಮುಂತಾದ ಜನಪದ ಮೆಟಲ್ ತಂಡಗಳನ್ನು ವರ್ಷಗಟ್ಟಲೆ ಕೇಳಿದ್ದೇನೆ. ಈ ಪ್ರಕಾರದ ಎಷ್ಟೋ ಹಾಡುಗಳಲ್ಲಿ ಜನಪದ ವಾದ್ಯವು ಅಡುಗೆ ಮುಗಿದ ಮೇಲೆ ಹಾಕುವ ಒಗ್ಗರಣೆಯಾಗಿಯೇ ಉಳಿದುಬಿಡುತ್ತದೆ. ಪಾತ್ರೆಯ ಒಳಗೆ ಬೇಯುತ್ತಿರುವುದು ಮಾತ್ರ ಎಲ್ಲ ಕಡೆಯೂ ಅದೇ. ಪುನೋದ ಹುಡುಗರು ಕಳುಹಿಸಿದ್ದ ನಾಲ್ಕು ನಿಮಿಷದ ಧ್ವನಿಮುದ್ರಣದಲ್ಲಿ ಹಾಗಾಗಿರಲಿಲ್ಲ, ಆದರೆ ಅಲ್ಲಿ ಬೇರೆ ಏನು ನಡೆದಿದೆಯೆಂದು ಬಿಡಿಸಿ ಹೇಳಲು ನನಗೆ ಸಾಧ್ಯವಾಗಿರಲಿಲ್ಲ.

ಎರಡನೆಯ ದಿನ: ಕುಸ್ಕೋ

ಸಮುದ್ರದ ದಡದಿಂದ ಒಂದೂಕಾಲು ಗಂಟೆಯ ವಿಮಾನಯಾನದಲ್ಲಿ 3,400 ಮೀಟರ್ ಎತ್ತರಕ್ಕೆ ಬಂದು ಬಿದ್ದ ದೇಹಕ್ಕೆ ಆ ದಿನ ಮಲಗುವುದರ ಹೊರತು ಬೇರೇನೂ ಬೇಕಿರಲಿಲ್ಲ. ಕೋಕಾ ಎಲೆಯ ಚಹಾ ಕುಡಿದು ಸಂಜೆ ಸ್ವಲ್ಪ ಹೊರಗೆ ಅಡ್ಡಾಡಿದೆ. ಹೋಟೆಲಿನ ಹತ್ತಿರದ ಅಂಗಡಿಯೊಂದರಲ್ಲಿ ವಾಕ್ರಾಪುಕು ಕಂಡಿತು. ಹಸುವಿನ ಕೊಂಬುಗಳ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಸುರುಳಿಯಾಗಿ ಬಗ್ಗಿಸಿದ ಕಹಳೆ ಅದು. ದನಗಳಿಗೆ ಗುರುತು ಹಾಕುವ ಹಬ್ಬದಲ್ಲಿ ಅದನ್ನು ಊದುತ್ತಾರೆ. ಹಸುವನ್ನು ಇಲ್ಲಿಗೆ ತಂದವರು ಸ್ಪೇನಿನವರು, ಕಹಳೆ ಮಾಡಿಕೊಂಡವರು ಇಲ್ಲಿಯವರು. ಹೊರಗಿನಿಂದ ಬಂದ ವಸ್ತುವೊಂದು ಈ ಬೆಟ್ಟಗಳ ಕೈಗೆ ಸಿಕ್ಕಿ ಇಲ್ಲಿಯದೇ ಆಗಿಹೋದ ಕಥೆ ಗಿಟಾರಿಗಿಂತ ಬಹಳ ಹಳೆಯದು ಎಂಬುದು ಆ ಸುರುಳಿಯನ್ನು ನೋಡಿದಾಗ ಅರ್ಥವಾಯಿತು.

ಮೂರನೆಯ ದಿನ: ಕುಸ್ಕೋದಿಂದ ಪುನೋ

ಬಸ್ಸಿನಲ್ಲಿ ಏಳು ಗಂಟೆಯ ದಾರಿ. ಸುಮಾರು 4,330 ಮೀಟರ್ ಎತ್ತರದ ಲಾ ರಾಯಾ ಕಣಿವೆಬಾಯಿಯನ್ನು ದಾಟಿದ ಮೇಲೆ ನೆಲ ಒಮ್ಮೆಲೇ ಚಪ್ಪಟೆಯಾಗಿ, ಹಳದಿ ಹುಲ್ಲಿನ ಬಯಲು ದಿಗಂತದವರೆಗೆ ಹರಡಿಕೊಳ್ಳುತ್ತದೆ. ಇದೇ ಆಲ್ತಿಪ್ಲಾನೋ. ಮರವಿಲ್ಲ, ನೆರಳಿಲ್ಲ. ಲಾಮಾ ಮತ್ತು ಆಲ್ಪಾಕಾಗಳ ಹಿಂಡುಗಳು, ಮಣ್ಣಿನ ಇಟ್ಟಿಗೆಯ ಮನೆಗಳು, ಮತ್ತೆ ಬಯಲು. ಸಂಜೆ ತಿತಿಕಾಕಾ ಸರೋವರ ಕಾಣಿಸಿಕೊಂಡಿತು. ಬಸ್ ನಿಲ್ದಾಣಕ್ಕೆ ತಂಡದ ಬೇಸ್ ಗಿಟಾರ್ ವಾದಕ ಬಂದಿದ್ದ. ನನ್ನ ಸ್ಪ್ಯಾನಿಷ್ ಅರೆಬರೆಯಾದದ್ದು, ಅವನ ಇಂಗ್ಲಿಷೂ ಹಾಗೆಯೇ. ಎರಡನ್ನೂ ಸೇರಿಸಿಕೊಂಡು ಮುಂದಿನ ಐದು ದಿನಗಳನ್ನು ನಾವು ಚೆನ್ನಾಗಿಯೇ ನಿಭಾಯಿಸಿದೆವು.

ನಾಲ್ಕನೆಯ ದಿನ: ಪುನೋ

ತಂಡದಲ್ಲಿ ಏಳು ಜನ. ಎಲ್ಲರೂ ಇಪ್ಪತ್ತರ ಆಸುಪಾಸಿನವರು, ಹೆಚ್ಚಿನವರು ವಿದ್ಯಾರ್ಥಿಗಳು. ಹೆಸರನ್ನು ಇನ್ನೂ ಅಂತಿಮಗೊಳಿಸಿಲ್ಲ, ಆದ್ದರಿಂದ ನಾನೂ ಇಲ್ಲಿ ಬರೆಯುತ್ತಿಲ್ಲ. ಎರಡು ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್, ಚರಾಂಗೋ ಎಂಬ ಪುಟ್ಟ ತಂತಿವಾದ್ಯ ನುಡಿಸುತ್ತಾ ಹಾಡುವ ಯುವಕ, ಮತ್ತು ಸೀಕು ಊದುವ ಇಬ್ಬರು. ಆ ಇಬ್ಬರಲ್ಲಿ ಒಬ್ಬಳು ಹುಡುಗಿ. ಆಲ್ತಿಪ್ಲಾನೋದ ಹಳ್ಳಿಗಳಲ್ಲಿ ಊದುವ ವಾದ್ಯಗಳು ಬಹಳ ಕಾಲ ಗಂಡಸರ ಪಾಲಿಗೇ ಇದ್ದವು, ಹೆಂಗಸರು ಹಾಡುತ್ತಿದ್ದರು ಮತ್ತು ಕುಣಿಯುತ್ತಿದ್ದರು. ಈಚಿನ ದಶಕಗಳಲ್ಲಿ ಹೆಂಗಸರದೇ ಸೀಕುರಿ ಮೇಳಗಳು ಹುಟ್ಟಿಕೊಂಡಿವೆ. ಈ ಹುಡುಗಿ ಊದುವುದನ್ನು ಕಲಿತದ್ದು ಅಂಥ ಒಂದು ಮೇಳದಲ್ಲಿ.

ಸೀಕು ಎಂದರೆ ಬಿದಿರಿನಂಥ ಜೊಂಡಿನ ಕೊಳವೆಗಳನ್ನು ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಕಟ್ಟಿದ ವಾದ್ಯ. ಸ್ಪ್ಯಾನಿಷ್‌ನಲ್ಲಿ ಸಂಪೋನ್ಯಾ ಎನ್ನುತ್ತಾರೆ. ಬೆರಳಿನಿಂದ ಮುಚ್ಚಿ ತೆರೆಯುವ ರಂಧ್ರಗಳು ಇದರಲ್ಲಿಲ್ಲ, ಒಂದು ಕೊಳವೆಗೆ ಒಂದೇ ಸ್ವರ. ಆದರೆ ಈ ವಾದ್ಯದ ನಿಜವಾದ ವಿಶೇಷ ಬೇರೆಯೇ ಇದೆ. ಸೀಕು ಒಂದಲ್ಲ, ಎರಡು. ಆರು ಕೊಳವೆಗಳದ್ದು ಇರಾ, ಏಳು ಕೊಳವೆಗಳದ್ದು ಆರ್ಕಾ. ಸ್ವರಶ್ರೇಣಿಯ ಮೊದಲ ಸ್ವರ ಆರ್ಕಾದಲ್ಲಿದ್ದರೆ ಎರಡನೆಯದು ಇರಾದಲ್ಲಿ, ಮೂರನೆಯದು ಮತ್ತೆ ಆರ್ಕಾದಲ್ಲಿ. ಹೀಗೆ ಅಕ್ಕಪಕ್ಕದ ಯಾವ ಎರಡು ಸ್ವರಗಳೂ ಒಬ್ಬರ ಕೈಯಲ್ಲಿ ಇರುವುದಿಲ್ಲ. ಅತ್ಯಂತ ಸರಳವಾದ ಧಾಟಿಗೂ ಇಬ್ಬರು ಬೇಕು. ಇರಾ ಮುಂದೆ ನಡೆಯುತ್ತದೆ, ಆರ್ಕಾ ಹಿಂಬಾಲಿಸುತ್ತದೆ. ಆರ್ಕಾ ಎಂಬ ಮಾತಿನ ಮೂಲವೇ ಇಲ್ಲಿಯ ಮೂಲನಿವಾಸಿಗಳ ಐಮಾರಾ ಭಾಷೆಯಲ್ಲಿ 'ಹಿಂಬಾಲಿಸು' ಎಂಬ ಕ್ರಿಯಾಪದ. ಪ್ರವಾಸಿಗರಿಗಾಗಿ ನುಡಿಸುವವರು ಎರಡನ್ನೂ ಒಟ್ಟಿಗೆ ಹಿಡಿದು ಒಬ್ಬರೇ ಊದುವುದುಂಟು. ಹಳ್ಳಿಯ ಮೇಳಗಳಲ್ಲಿ ಹತ್ತಾರು ಜನ ಜೋಡಿಜೋಡಿಯಾಗಿ ನಿಂತೇ ಊದುತ್ತಾರೆ.

ಅಭ್ಯಾಸದ ಕೋಣೆ ಒಂದು ಮನೆಯ ಹಿತ್ತಲಿನಲ್ಲಿತ್ತು. ಗೋಡೆಗೆ ಹಳೆಯ ಕಂಬಳಿಗಳನ್ನು ಹೊಡೆದಿದ್ದರು. ಮೊದಲ ಹಾಡು ಆರಂಭವಾದ ಅರ್ಧ ನಿಮಿಷದಲ್ಲಿ, ನಾಲ್ಕು ನಿಮಿಷದ ಆ ಧ್ವನಿಮುದ್ರಣದಲ್ಲಿ ನನಗೆ ಬಿಡಿಸಲಾಗದೆ ಹೋದದ್ದು ಏನೆಂಬುದು ಕಣ್ಣಿಗೇ ಕಂಡಿತು. ಎಡಗಡೆಯ ಗಿಟಾರ್ ವಾದಕ ಒಂದು ಸ್ವರ ಮೀಟಿ ಅಂಗೈಯಿಂದ ತಂತಿಗಳನ್ನು ಅದುಮಿದ. ಅವನ ಸದ್ದು ಅಡಗಿದ ಕ್ಷಣದಲ್ಲೇ ಬಲಗಡೆಯವನ ಸ್ವರ ಹೊಮ್ಮಿತು, ಅವನು ಅದುಮಿದ, ಮತ್ತೆ ಎಡಗಡೆಯವನು. ಅವರು ರಿಫ್ ಅನ್ನೇ, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರಿನ ಸಾಲನ್ನೇ, ಇರಾ ಮತ್ತು ಆರ್ಕಾ ಎಂದು ಸೀಳಿದ್ದರು. ಯಾವ ಗಿಟಾರಿಗೂ ಪೂರ್ತಿ ಸಾಲು ಇಲ್ಲ. ಮೆಟಲ್ ತಂಡಗಳಲ್ಲಿ ಇಬ್ಬರು ಗಿಟಾರ್ ವಾದಕರು ಒಂದೇ ರಿಫ್ ಅನ್ನು ಜೊತೆಯಾಗಿ ನುಡಿಸಿ ಸದ್ದನ್ನು ದಪ್ಪಗೊಳಿಸುವುದು ರೂಢಿ, ಇಲ್ಲವೇ ಒಬ್ಬ ತಾಳ ಹಿಡಿದು ಇನ್ನೊಬ್ಬ ಮೆರೆಯುವುದು. ಇಲ್ಲಿ ಒಬ್ಬನನ್ನು ಕೋಣೆಯಿಂದ ಹೊರಗೆ ಕಳುಹಿಸಿದರೆ ಹಾಡೇ ಇರುವುದಿಲ್ಲ. ನಾನು ಕೇಳಿಕೊಂಡೆನೆಂದು ಒಬ್ಬನೇ ತನ್ನ ಪಾಲನ್ನು ನುಡಿಸಿ ತೋರಿಸಿದ. ಹಲ್ಲು ಉದುರಿದ ಬಾಚಣಿಗೆಯಂತೆ ಸ್ವರಗಳ ನಡುವೆ ಖಾಲಿ ಜಾಗಗಳು. ಆ ಖಾಲಿ ಜಾಗಗಳನ್ನು ಎಣಿಸುತ್ತಾ ಅವನ ತುಟಿ ಅಲುಗುತ್ತಿತ್ತು.

"ಇದನ್ನು ಸರಿಯಾಗಿ ಹೊಂದಿಸಲು ಏಳು ತಿಂಗಳು ಹಿಡಿಯಿತು" ಎಂದ ಡ್ರಮ್ಸ್ ನುಡಿಸುವವನು. ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದ ಗಿಟಾರಿನ ತಂತಿ ಸುಲಭವಾಗಿ ಸುಮ್ಮನಾಗುವುದಿಲ್ಲ. ಒಬ್ಬರ ಸ್ವರದ ಬಾಲ ಇನ್ನೊಬ್ಬರ ಸ್ವರದ ಮೇಲೆ ಬಿದ್ದರೆ ಎಲ್ಲವೂ ಗೋಜಲಾಗುತ್ತದೆ. ಮೊದಮೊದಲು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಳೆದಾಡಿದರಂತೆ. ಕೊನೆಗೆ ಇಬ್ಬರೂ ಗಿಟಾರ್ ಕೆಳಗಿಟ್ಟು ಎರಡು ತಿಂಗಳು ಸೀಕು ಊದುವುದನ್ನೇ ಕಲಿತರು. ಉಸಿರಿನಲ್ಲಿ ಕಲಿತದ್ದು ಕೈಗೆ ಬಂತು.

ಐದನೆಯ ದಿನ: ಪುನೋ

ಬೆಳಿಗ್ಗೆ ಆ ಹುಡುಗಿ ನನ್ನ ಕೈಗೆ ಆರ್ಕಾ ಕೊಟ್ಟಳು. "ನಾನು ಊದಿ ನಿಲ್ಲಿಸಿದ ಕೂಡಲೇ ನೀವು ಊದಿ. ನನ್ನನ್ನು ನೋಡಬೇಡಿ, ಕೇಳಿಸಿಕೊಳ್ಳಿ." ಐದು ಸ್ವರಗಳ ಚಿಕ್ಕ ಧಾಟಿ. ಆಂಡೀಸ್‌ನ ಬಹುಪಾಲು ಹಳೆಯ ಧಾಟಿಗಳು ಐದು ಸ್ವರಗಳವೇ, ನಮ್ಮ ಕಿವಿಗೆ ಶುದ್ಧ ಧನ್ಯಾಸಿ ರಾಗದ ಹತ್ತಿರ ಬರುತ್ತವೆ. ಮೊದಲ ಹತ್ತು ಸಲವೂ ನಾನು ತಡವಾದೆ. ಆಮೇಲೆ ಒಂದೆರಡು ಸಲ ಸರಿಯಾಗಿ ಬಿದ್ದಾಗ ಧಾಟಿಯು ನಮ್ಮಿಬ್ಬರ ನಡುವಿನ ಗಾಳಿಯಲ್ಲಿ ಎಲ್ಲೋ ನಿಂತಿರುವಂತೆ ಅನ್ನಿಸಿತು. ಮೂರು ನಿಮಿಷದಲ್ಲಿ ನನಗೆ ತಲೆ ಸುತ್ತಿತು. ಪುನೋ ಇರುವುದು 3,800 ಮೀಟರ್‌ಗಿಂತ ಮೇಲೆ, ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗೂ ಕಡಿಮೆ. ಒಬ್ಬರು ಊದುವಾಗ ಇನ್ನೊಬ್ಬರು ಉಸಿರೆಳೆದುಕೊಳ್ಳುವ ಈ ಏರ್ಪಾಟಿನ ಬೆಲೆ ಎಷ್ಟೆಂದು ನನ್ನ ಶ್ವಾಸಕೋಶವೇ ನನಗೆ ಹೇಳಿತು.

ಮಧ್ಯಾಹ್ನ ಶ್ರುತಿಯ ವಿಚಾರ ಬಂತು. ಅಂಗಡಿಗಳಲ್ಲಿ ಸಿಗುವ ಸೀಕುಗಳು ಸಾಮಾನ್ಯವಾಗಿ ಪಾಶ್ಚಾತ್ಯ ಸಂಗೀತದ ಇ (E) ಮೈನರ್ ಸ್ವರಶ್ರೇಣಿಗೆ ಹೊಂದುವಂತೆ ಕೊಯ್ದವು. ಗಿಟಾರಿನ ಅತಿ ಕೆಳಗಿನ ತಂತಿಯೂ ಇ. ಆದರೆ ಮೆಟಲ್ ತಂಡಗಳು ಸದ್ದು ಭಾರವಾಗಲೆಂದು ತಂತಿಗಳನ್ನು ಇನ್ನೂ ಸಡಿಲಿಸಿ ಡಿ ಅಥವಾ ಅದಕ್ಕಿಂತ ಕೆಳಗೆ ಇಳಿಸುತ್ತವೆ. ಇವರೂ ಮೊದಲು ಹಾಗೆಯೇ ಮಾಡಿದ್ದರು. ಸೀಕುವನ್ನು ಬದಲಾಯಿಸುವುದೋ ಗಿಟಾರನ್ನೋ ಎಂಬ ವಾದ ನಡೆದು, ಕೊನೆಗೆ ಗಿಟಾರುಗಳು ಮೇಲೇರಿ ಇ ಸ್ವರಕ್ಕೆ ಬಂದವು. ಕಳೆದುಹೋದ ಭಾರವನ್ನು ತುಂಬಲು ತೋಯೋ ತಂದರು. ಅದು ಸೀಕುವಿನ ಹಿರಿಯಣ್ಣ, ಅದರ ಉದ್ದನೆಯ ಕೊಳವೆಗಳು ಒಂದು ಮೀಟರ್ ಮೀರುತ್ತವೆ. ಬೇಸ್ ಗಿಟಾರಿನ ಜೊತೆಗೆ ಅದನ್ನು ಊದಿದಾಗ ಹೊಮ್ಮುವ ಗಾಳಿಭರಿತ ಗುಡುಗನ್ನು ಗಿಟಾರಿನ ಸದ್ದು ಬದಲಿಸುವ ಯಾವ ಪೆಡಲ್ ಕೂಡ ಕೊಡಲಾರದು ಎಂದು ನಾನು ನಂಬುತ್ತೇನೆ.

ಇನ್ನೊಂದು ತೊಡಕು ಚಳಿಯದು. ಗಾಳಿ ತಣ್ಣಗಾದಂತೆ ಊದುವ ಕೊಳವೆಯ ಶ್ರುತಿ ಇಳಿಯುತ್ತದೆ. ಇಪ್ಪತ್ತು ಡಿಗ್ರಿಯಲ್ಲಿ 440 ಹರ್ಟ್ಸ್ ಕೊಡುವ ಕೊಳವೆ ಹತ್ತು ಡಿಗ್ರಿಯಲ್ಲಿ 432ರ ಸುತ್ತ ಬಂದು ನಿಲ್ಲುತ್ತದೆ. ಲೋಹದ ತಂತಿಯದ್ದು ತದ್ವಿರುದ್ಧ, ಚಳಿಗೆ ಬಿಗಿದುಕೊಂಡು ಅದು ಮೇಲೇರುತ್ತದೆ. ಹುಡುಗಿ ಕೋಟಿನ ಜೇಬಿನಿಂದ ಕೀನ್ವಾ ಕಾಳುಗಳ ಚಿಕ್ಕ ಪೊಟ್ಟಣ ತೆಗೆದಳು. ಇಳಿದಿದ್ದ ಕೊಳವೆಯ ಬಾಯಿಗೆ ಎಂಟು ಹತ್ತು ಕಾಳುಗಳನ್ನು ಸುರಿದು, ಅಂಗೈಗೆ ತಟ್ಟಿ ತಳಕ್ಕೆ ಇಳಿಸಿ, ಊದಿ ನೋಡಿದಳು. ಕೊಳವೆಯ ಒಳಗಿನ ಗಾಳಿಯ ಕಂಬ ಕೂದಲೆಳೆಯಷ್ಟು ಗಿಡ್ಡವಾಯಿತು, ಸ್ವರ ಅಷ್ಟೇ ಮೇಲೇರಿತು. ಇನ್ನೂ ಎರಡು ಕಾಳು. ಈಗ ಸರಿಹೋಯಿತು. ಒಂದೊಂದು ಕೊಳವೆಗೂ ಹೀಗೆಯೇ ಮಾಡುತ್ತಾ ಅವಳು ಅರ್ಧ ಗಂಟೆ ಕುಳಿತಳು. ಅಷ್ಟು ಹೊತ್ತೂ ಗಿಟಾರಿನವರಿಬ್ಬರೂ ಮಾತಿಲ್ಲದೆ ಕಾದರು.

ಆರನೆಯ ದಿನ: ಪುನೋ

ಈ ದಿನದ ಮಾತುಕತೆ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಚರಾಂಗೋದ ಹುಡುಗ ಮೂಲೆಯಲ್ಲಿದ್ದ ತಾರ್ಕಾ ಎತ್ತಿ ತೋರಿಸಿದ. ಚೌಕಾಕಾರದ ಮರದ ಕೊಳಲು, ಆರು ರಂಧ್ರಗಳು. ಜೋರಾಗಿ ಊದಿದರೆ ಒಂದೇ ಸ್ವರ ಎರಡಾಗಿ ಸೀಳಿ, ಕರ್ಕಶವಾಗಿ, ನಡುಗುತ್ತಾ ಹೊರಬರುತ್ತದೆ. ಈ ಒರಟು ಸದ್ದಿಗೆ ಇಲ್ಲಿಯವರು 'ತಾರಾ' ಎನ್ನುತ್ತಾರೆ, ಅದನ್ನೇ ಬಯಸಿ ವಾದ್ಯವನ್ನು ಕೊರೆಯುತ್ತಾರೆ. ಡಿಸ್ಟಾರ್ಷನ್‌ಗಾಗಿ ವಿದ್ಯುತ್ತು ಬರುವವರೆಗೆ ಈ ಬಯಲು ಕಾದಿರಲಿಲ್ಲ ಎಂಬುದು ಅದರ ಸ್ವಭಾವದಿಂದಲೇ ತಿಳಿಯುತ್ತದೆ. ಊದಿ ತೋರಿಸು ಎಂದೆ. ಅವನು ತಲೆಯಾಡಿಸಿದ.

"ಇದು ಮಳೆಗಾಲದ ವಾದ್ಯ. ಈಗ ಊದುವುದಿಲ್ಲ."

ಆಲ್ತಿಪ್ಲಾನೋದಲ್ಲಿ ವಾದ್ಯಗಳಿಗೂ ಋತುಗಳಿವೆ. ನವೆಂಬರ್ ಆರಂಭದ ಹಿರಿಯರ ಹಬ್ಬದಿಂದ ಕಾರ್ನಿವಲ್‌ವರೆಗಿನ ಮಳೆಯ ತಿಂಗಳುಗಳಲ್ಲಿ ತಾರ್ಕಾ ಮತ್ತು ಪಿಂಕಿಯೋ ಕೊಳಲುಗಳು, ಒಣ ತಿಂಗಳುಗಳಲ್ಲಿ ಸೀಕು. ಮಳೆ, ಹಿಮ, ಆಲೂಗೆಡ್ಡೆಯ ಬೆಳೆ ಎಲ್ಲಕ್ಕೂ ಊದುವ ಉಸಿರಿಗೂ ನಂಟಿದೆ ಎಂಬುದು ನಂಬಿಕೆ. ನಗರಗಳಲ್ಲಿ, ಸ್ಪರ್ಧೆಗಳಲ್ಲಿ ಈ ಕಟ್ಟಳೆ ಸಡಿಲವಾಗಿದೆ. ಫೆಬ್ರವರಿಯಲ್ಲಿ ಪುನೋದಲ್ಲಿ ನಡೆಯುವ, 2014ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ ಕಾಂದೆಲಾರಿಯಾ ಉತ್ಸವ ಮಳೆಗಾಲದ ನಡುವೆಯೇ ಬೀಳುತ್ತದೆ, ಅಲ್ಲಿ ಸೀಕುಗಳು ಮೊಳಗುತ್ತವೆ. ಹಾಗಿದ್ದ ಮೇಲೆ ಮೆಟಲ್ ತಂಡವೊಂದು ಇದನ್ನು ಪಾಲಿಸಬೇಕೇ? ತಂಡದೊಳಗೇ ಇದರ ಬಗ್ಗೆ ಒಮ್ಮತವಿಲ್ಲ. ಡ್ರಮ್ಸ್ ನುಡಿಸುವವನಿಗೆ ತಾರ್ಕಾ ಇರುವ ಹಾಡನ್ನು ಈಗಲೇ ಧ್ವನಿಮುದ್ರಿಸಿ ಮುಗಿಸುವ ಆತುರವಿತ್ತು, ಸ್ಟುಡಿಯೋದವರು ಕಡಿಮೆ ಬಾಡಿಗೆಗೆ ಒಪ್ಪಿದ್ದರು. ಚರಾಂಗೋದ ಹುಡುಗನ ಅಜ್ಜ ಊರಿನಲ್ಲಿ ಇನ್ನೂ ಆಲೂಗೆಡ್ಡೆ ಬೆಳೆಯುತ್ತಾರೆ. ಕೊನೆಗೆ ಆ ಹಾಡನ್ನು ನವೆಂಬರ್‌ಗೆ ಮುಂದೂಡಿದರು, ಹಾಡುಗಳ ಎರಡು ಪಟ್ಟಿ ಮಾಡಿಕೊಂಡರು, ಒಣ ತಿಂಗಳಿನದು ಮತ್ತು ಮಳೆಯದು. ನನ್ನ ಮಟ್ಟಿಗೆ ಈ ತೀರ್ಮಾನ ಸರಿಯಾದದ್ದು. ವಾದ್ಯವನ್ನು ತೆಗೆದುಕೊಂಡು ಅದರ ಕಾಲವನ್ನು ಬಿಟ್ಟುಬಂದರೆ ಕೈಯಲ್ಲಿ ಉಳಿಯುವುದು ಮರದ ತುಂಡು.

ಸಂಜೆ ಐಮಾರಾ ಭಾಷೆಯ ಪಾಠವೂ ಆಯಿತು. ಈ ಭಾಷೆಗೆ ಸ್ವರಗಳು ಮೂರೇ: ಅ, ಇ, ಉ. ವ್ಯಂಜನಗಳಲ್ಲಿ ನಮ್ಮಂತೆ ಅಲ್ಪಪ್ರಾಣ ಮತ್ತು ಮಹಾಪ್ರಾಣಗಳಿವೆ, ಜೊತೆಗೆ ಮೂರನೆಯದೊಂದಿದೆ. ಗಂಟಲನ್ನು ಮುಚ್ಚಿ ಸಿಡಿಸುವ ವ್ಯಂಜನ ಅದು, ಒಣ ಕಡ್ಡಿ ಮುರಿದಂತೆ ಕೇಳಿಸುತ್ತದೆ. ಹಾಡುವಾಗ ಆ ಸಿಡಿತವನ್ನು ಡ್ರಮ್ಮಿನ ಪೆಟ್ಟಿನ ಮೇಲೆ ಸರಿಯಾಗಿ ಕೂರಿಸುವಂತೆ ಸಾಲುಗಳನ್ನು ಕಟ್ಟುತ್ತಾನೆ ಆ ಹುಡುಗ. ಸ್ಪ್ಯಾನಿಷ್‌ನಲ್ಲಿ ಬರೆದಿದ್ದ ಹಳೆಯ ಸಾಲುಗಳನ್ನು ಅವನು ತಾನಾಗಿಯೇ ಕೈಬಿಟ್ಟಿದ್ದಾನೆ. ಅವರು ನನ್ನನ್ನೂ ಪ್ರಶ್ನಿಸಿದರು. ದೆಹಲಿಯ ಬ್ಲಡಿವುಡ್ ತಂಡವನ್ನು ಎಲ್ಲರೂ ಕೇಳಿದ್ದರು, ಅದರಲ್ಲಿನ ಢೋಲ್ ಬಗ್ಗೆ, ಅದನ್ನು ಯಾವ ಹಬ್ಬದಲ್ಲಿ ಬಾರಿಸುತ್ತಾರೆ ಎಂಬುದರ ಬಗ್ಗೆ ಗಂಟೆಗಟ್ಟಲೆ ವಿಚಾರಿಸಿದರು.

ಏಳನೆಯ ದಿನ: ಪುನೋದಿಂದ ಲಾ ಪಾಸ್

ಮರುದಿನ ರಾತ್ರಿ ಬೊಲಿವಿಯಾದ ಎಲ್ ಆಲ್ಟೋದಲ್ಲಿ ಅವರ ಕಛೇರಿ. ಬಾಡಿಗೆ ವ್ಯಾನಿನಲ್ಲಿ ಹೊರಟೆವು. ದೆಸಾಗ್ವಾದೆರೋ ಗಡಿಯಲ್ಲಿ ವಾದ್ಯಗಳ ಪಟ್ಟಿಯ ಕಾಗದವೊಂದು ಕಡಿಮೆ ಬಿದ್ದು ಎರಡೂವರೆ ಗಂಟೆ ಬಿಸಿಲಿನಲ್ಲಿ ನಿಲ್ಲಬೇಕಾಯಿತು. ಗಡಿ ದಾಟಿದರೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು, ಹಾಗಾಗಿ ಒಟ್ಟು ಮೂರೂವರೆ ಗಂಟೆ ಕೈಬಿಟ್ಟಂತಾಯಿತು. ಆ ಬಿಸಿಲಿಗೆ ಒಂದು ಸೀಕುವಿನ ಉದ್ದನೆಯ ಕೊಳವೆ ಮೇಲಿನಿಂದ ಕೆಳಗೆ ಸಣ್ಣಗೆ ಬಿರುಕು ಬಿಟ್ಟಿತು. ಹುಡುಗಿ ಅದಕ್ಕೆ ಮೇಣ ಬಳಿದು ದಾರ ಸುತ್ತಿದಳು.

ಲಾ ಪಾಸ್‌ನಲ್ಲಿ ಉಳಿದ ಸ್ವಲ್ಪ ಹೊತ್ತಿನಲ್ಲಿ ಹಾಎನ್ ಬೀದಿಯ ವಾದ್ಯಗಳ ವಸ್ತುಸಂಗ್ರಹಾಲಯಕ್ಕೆ ಓಡಿದೆವು. ಚರಾಂಗೋ ವಾದಕ ಎರ್ನೆಸ್ತೋ ಕವೂರ್ ಕಟ್ಟಿ ಬೆಳೆಸಿದ ಸಂಗ್ರಹ ಅದು, ಅವರು 2022ರಲ್ಲಿ ತೀರಿಕೊಂಡರು. ಆರ್ಮಡಿಲೋ ಪ್ರಾಣಿಯ ಚಿಪ್ಪಿನಿಂದ ಮಾಡಿದ ಹಳೆಯ ಚರಾಂಗೋಗಳ ಮುಂದೆ ನಮ್ಮ ಹುಡುಗ ಬಹಳ ಹೊತ್ತು ನಿಂತ. ಅವನದು ಮರದ್ದು. ಹತ್ತು ತಂತಿಗಳನ್ನು ಬೆರಳು ಕಾಣದಷ್ಟು ವೇಗವಾಗಿ ಮೀಟುವ ಅದರ ರೂಢಿಯ ಶೈಲಿಗೂ ಮೆಟಲ್ ಗಿಟಾರಿನ ಬಿರುಸಾದ ಮೀಟಿಗೂ ಎಷ್ಟು ಹತ್ತಿರದ ಸಂಬಂಧವಿದೆ ಎಂಬುದು ನಾಲ್ಕು ದಿನ ಅವನನ್ನು ನೋಡಿದ ನನಗೆ ಗೊತ್ತಿತ್ತು. ಇದೇ ಲಾ ಪಾಸ್‌ನಲ್ಲಿ ವಾರಾ ಎಂಬ ತಂಡ 1973ರಲ್ಲೇ ತನ್ನ ಮೊದಲ ಧ್ವನಿಮುದ್ರಿಕೆಯಲ್ಲಿ ಬಿರುಸಾದ ರಾಕ್ ಅನ್ನೂ ಆಂಡೀಸ್ ಧಾಟಿಗಳನ್ನೂ ಒಟ್ಟಿಗೆ ತಂದಿತ್ತು. ನಮ್ಮ ತಂಡದ ಬೇಸ್ ವಾದಕನಿಗೆ ಆ ಧ್ವನಿಮುದ್ರಿಕೆ ಸಿಕ್ಕಿದ್ದು ಅವನ ತಂದೆಯ ಪೆಟ್ಟಿಗೆಯಲ್ಲಂತೆ.

ಎಂಟನೆಯ ದಿನ: ಎಲ್ ಆಲ್ಟೋ

ಲಾ ಪಾಸ್ ಬಟ್ಟಲಿನಂಥ ಕಣಿವೆಯಲ್ಲಿದ್ದರೆ ಎಲ್ ಆಲ್ಟೋ ಅದರ ಅಂಚಿನ ಮೇಲೆ, ಸುಮಾರು 4,100 ಮೀಟರ್ ಎತ್ತರದ ಬಯಲಿನಲ್ಲಿದೆ. 2014ರಿಂದ ಓಡುತ್ತಿರುವ ಕೇಬಲ್ ಕಾರಿನಲ್ಲಿ ಬೋಂಬೋ ಡೋಲನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿದೆವು. ಆಗಸ್ಟ್ ಪಾಚಮಾಮಾಳ, ಅಂದರೆ ಭೂತಾಯಿಯ ತಿಂಗಳು. ಬೀದಿಯುದ್ದಕ್ಕೂ ಅವಳಿಗೆ ಸಲ್ಲಿಸಿದ ಕಾಣಿಕೆಗಳ ಹೊಗೆ ಏಳುತ್ತಿತ್ತು.

ಸಭಾಂಗಣ ತಗಡಿನ ಛಾವಣಿಯ ಒಂದು ಗೋದಾಮು, ಇನ್ನೂರು ಜನರಿದ್ದಿರಬಹುದು. ಒಳಗೂ ಉಸಿರು ಹೊಗೆಯಾಗಿ ಕಾಣುವಷ್ಟು ಚಳಿ. ಸೀಕು ಊದುವ ಇಬ್ಬರೂ ವಾದ್ಯಗಳನ್ನು ಪೊಂಚೋ ಎಂಬ ಕಂಬಳಿಯಂಥ ಹೊದಿಕೆಯ ಒಳಗೆ ಮೈಗೆ ಒತ್ತಿಕೊಂಡು ಬೆಚ್ಚಗಿಟ್ಟುಕೊಂಡಿದ್ದರು. ಮೊದಲ ಎರಡು ಹಾಡುಗಳಲ್ಲಿ ಧ್ವನಿವರ್ಧಕದ ವ್ಯವಸ್ಥೆ ಕೈಕೊಟ್ಟಿತು, ಗಿಟಾರುಗಳ ಅಬ್ಬರದಲ್ಲಿ ಸೀಕು ಮುಳುಗಿಹೋಯಿತು. ಮೂರನೆಯ ಹಾಡಿಗೆ ಮೊದಲು ಇಬ್ಬರೂ ಗಿಟಾರ್ ವಾದಕರು ತಮ್ಮ ಆಂಪ್ಲಿಫೈಯರ್‌ಗಳ ಸದ್ದನ್ನು ತಾವಾಗಿಯೇ ಅರ್ಧಕ್ಕೆ ಇಳಿಸಿದರು. ಮೆಟಲ್ ವೇದಿಕೆಯ ಮೇಲೆ ಹೀಗೆ ಮಾಡಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆ ಹಾಡು 1781ರ ಘಟನೆಯ ಕುರಿತದ್ದು. ಆ ವರ್ಷ ತುಪಾಕ್ ಕತಾರಿ ಮತ್ತು ಬಾರ್ತೊಲಿನಾ ಸೀಸಾರ ನಾಯಕತ್ವದಲ್ಲಿ ಐಮಾರಾ ಜನ ಸ್ಪೇನಿನವರ ಲಾ ಪಾಸ್ ನಗರಕ್ಕೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದರು. ಆ ಮುತ್ತಿಗೆಯ ಬೀಡು ಇದ್ದದ್ದು ಈಗ ನಾವು ನಿಂತಿದ್ದ ಈ ಎತ್ತರದ ಬಯಲಿನಲ್ಲೇ. ನವೆಂಬರ್‌ನಲ್ಲಿ ಕತಾರಿಯನ್ನು ಹಿಡಿದು ಕೊಂದರು, ಬಾರ್ತೊಲಿನಾಳನ್ನು ಮರುವರ್ಷ ಗಲ್ಲಿಗೇರಿಸಿದರು. ಹಾಡಿನ ಆರಂಭದಲ್ಲಿ ಪುತುತು ಶಂಖ ಒಮ್ಮೆ ಮೊಳಗಿತು. ಆಮೇಲೆ ಇರಾ ಗಿಟಾರ್, ಆರ್ಕಾ ಗಿಟಾರ್, ಇರಾ ಸೀಕು, ಆರ್ಕಾ ಸೀಕು. ನಾಲ್ವರ ನಡುವೆ ಒಂದೇ ಸಾಲು ಹರಿದಾಡಿತು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಅದನ್ನು ಹಿಂಬಾಲಿಸುತ್ತಾ ಜನರ ತಲೆಗಳು ತಿರುಗುತ್ತಿದ್ದವು. ನಡುವೆ ಒಮ್ಮೆ ಬಲಗಡೆಯ ಗಿಟಾರಿನ ತಂತಿ ಕಡಿದು ಅವನ ಪಾಲಿನ ಸ್ವರ ಖಾಲಿಬಿತ್ತು. ಮರುಸುತ್ತಿನಲ್ಲಿ ಆ ಖಾಲಿ ಜಾಗಕ್ಕೆ ಸರಿಯಾಗಿ ಹುಡುಗಿಯ ಉಸಿರು ಬಂದು ಬಿತ್ತು. ಅವಳಿಗೆ ಯಾರೂ ಸನ್ನೆ ಮಾಡಿದ್ದನ್ನು ನಾನು ಕಾಣಲಿಲ್ಲ. ಹಾಡು ಮುಗಿಯುವವರೆಗೆ ಅವಳೇ ಅವನ ಆರ್ಕಾ ಆದಳು, ಅವನು ಗಿಟಾರನ್ನು ಎದೆಗೆ ಒರಗಿಸಿಕೊಂಡು, ತುಟಿ ಅಲುಗಿಸುತ್ತಾ, ತನ್ನ ಸ್ವರಗಳನ್ನು ಅವಳಿಗಾಗಿ ಎಣಿಸುತ್ತಾ ನಿಂತಿದ್ದ.

ಕಛೇರಿ ಮುಗಿದಾಗ ನಡುರಾತ್ರಿ ದಾಟಿತ್ತು. ವ್ಯಾನಿಗೆ ಸಾಮಾನು ಏರಿಸುವಾಗ ಹುಡುಗಿ ದೀಪದ ಕೆಳಗೆ ಕುಳಿತು ಕೊಳವೆಗಳನ್ನು ಒಂದೊಂದಾಗಿ ಬೋರಲಾಗಿಸಿ ತಟ್ಟಿ, ಅಂಗೈಗೆ ಬಿದ್ದ ಕೀನ್ವಾ ಕಾಳುಗಳನ್ನು ಪೊಟ್ಟಣಕ್ಕೆ ಮರಳಿ ತುಂಬುತ್ತಿದ್ದಳು. ದಾರ ಸುತ್ತಿದ ಬಿರುಕಿನ ಕೊಳವೆಯಲ್ಲಿ ಮೂರು ಕಾಳು ಮೇಣಕ್ಕೆ ಅಂಟಿಕೊಂಡು ಬರಲೊಲ್ಲವು. ಅವನ್ನು ಹಾಗೆಯೇ ಬಿಟ್ಟು, ಇರಾ ಮತ್ತು ಆರ್ಕಾ ಎರಡನ್ನೂ ಒಂದರ ಮೇಲೊಂದು ಇಟ್ಟು ಬಟ್ಟೆಯಲ್ಲಿ ಸುತ್ತಿ, ಮುಂದಿನ ಸೀಟಿನಲ್ಲಿ ತನ್ನ ಪಕ್ಕದಲ್ಲಿ ಇರಿಸಿಕೊಂಡಳು.